ಮನೆಯ ನಿಸ್ತಂತು ಜಾಲ

ಮನೆಯ ನಿಸ್ತಂತು ಜಾಲ ಅಥವಾ ಮನೆಯ ವೈ-ಫೈ ಎಂದರೆ ಒಂದೇ ಅಂತರಜಾಲ ಸಂಪರ್ಕವನ್ನು ರೇಡಿಯೊ ಅಲೆಗಳ ಮೂಲಕ, ತಂತಿಯ ನೆರವಿಲ್ಲದೆ, ಮನೆಯೊಳಗಿನ ಮೊಬೈಲ್ ಫೋನ್, ಟ್ಯಾಬ್ಲೆಟ್ ಮೊದಲಾದ ಕೈಸಾಧನಗಳಿಗೆ ಹಂಚುವ ವ್ಯವಸ್ಥೆ. ಹಂಚುವ ಕೆಲಸವನ್ನು ರೂಟರ್ ಎಂಬ ಉಪಕರಣ ಮಾಡುತ್ತದೆ. ಅದಿಲ್ಲದಿದ್ದರೆ ಹಾಟ್‌ಸ್ಪಾಟ್ ಸೌಲಭ್ಯವಿರುವ ಒಂದು ಫೋನೇ ಸಾಕು. ಇಂತಹ ಜಾಲವು ಬರುವ ಸಂಪರ್ಕದ ವೇಗವನ್ನು ಹೆಚ್ಚಿಸುವುದಿಲ್ಲ. ಸಂಪರ್ಕ ಸಿಗುವ ಜಾಗವನ್ನೂ ಅದನ್ನು ಬಳಸುವ ಜಾಗವನ್ನೂ ಬೇರೆ ಮಾಡುವುದೇ ಇದರ ನಿಜವಾದ ಉಪಯೋಗ. ಅಟ್ಟದ ಕಿಟಕಿಯ ಬಳಿ ಮಾತ್ರ ಸಿಗ್ನಲ್ ಸಿಗುವ ಮನೆಯಲ್ಲಿ ಮಕ್ಕಳು ಅಟ್ಟ ಹತ್ತಿ ಕೂರಬೇಕಾಗಿಲ್ಲ. ಫೋನೊಂದನ್ನು ಅಲ್ಲಿಟ್ಟು ಅವರು ಪಡಸಾಲೆಯಲ್ಲಿ ಓದಬಹುದು.

ಹಿನ್ನೆಲೆ

ವೈ-ಫೈ ತಂತ್ರಜ್ಞಾನದ ಮೊದಲ ಮಾನಕವಾದ ಐಇಇಇ 802.11 ಪ್ರಕಟವಾದದ್ದು 1997ರಲ್ಲಿ. ಆಗ ಅದರ ಗರಿಷ್ಠ ವೇಗ ಸೆಕೆಂಡಿಗೆ 2 ಮೆಗಾಬಿಟ್. 1999ರ 802.11ಬಿ ಮಾನಕ ಇದನ್ನು 11 ಮೆಗಾಬಿಟ್‌ಗೆ ಏರಿಸಿತು. ಭಾರತದಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗಾಗಿ ಪರವಾನಗಿಯಿಂದ ಮುಕ್ತಗೊಳಿಸಿದ ನಿಯಮಗಳು 2005ರಲ್ಲಿ ಜಾರಿಗೆ ಬಂದವು. 5 ಗಿಗಾಹರ್ಟ್ಸ್ ಪಟ್ಟಿಯ ವಿಸ್ತಾರವಾದ ಭಾಗ 2018ರಲ್ಲಿ ಮುಕ್ತವಾಯಿತು. ಮನೆಯಲ್ಲಿ ರೂಟರ್ ಇಡಲು ಇಂದು ಯಾರ ಅನುಮತಿಯೂ ಬೇಕಿಲ್ಲದಿರುವುದು ಈ ನಿಯಮಗಳಿಂದ.

ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳಲ್ಲಿ

1997ರ ಆಗಸ್ಟ್ 15ರಂದು ರಚನೆಯಾದ ದಾವಣಗೆರೆ ಜಿಲ್ಲೆಗೆ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಿಂದ, ಜಗಳೂರು ಚಿತ್ರದುರ್ಗ ಜಿಲ್ಲೆಯಿಂದ ಬಂದವು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾಯಿತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮೂರೂ ಅರೆಮಲೆನಾಡಿನ ಗುಣವುಳ್ಳವು. ಅಡಿಕೆ ತೋಟ, ಗುಡ್ಡಸಾಲು, ತುಂಗಭದ್ರೆಯ ದಂಡೆ ಇವುಗಳ ಭೂಚಿತ್ರ. ಜಗಳೂರು ಮಳೆ ಕಡಿಮೆಯಿರುವ ಬಯಲುಸೀಮೆ. ಈ ವ್ಯತ್ಯಾಸ ನಿಸ್ತಂತು ಜಾಲಕ್ಕೂ ಸಂಬಂಧಿಸಿದ್ದು. ಮೊಬೈಲ್ ಗೋಪುರಕ್ಕೂ ಮನೆಗೂ ನಡುವೆ ಗುಡ್ಡ ಬಂದರೆ ಅಲೆ ದುರ್ಬಲವಾಗುತ್ತದೆ, ಒತ್ತಾದ ತೋಟದ ಹಸಿ ಎಲೆಗಳೂ ಅದನ್ನು ಹೀರುತ್ತವೆ. ಬಯಲಿನಲ್ಲಿ ಅಡ್ಡಿ ಕಡಿಮೆ. ಆದರೆ ಅಲ್ಲಿನ ಹಳೆಯ ಮಾಳಿಗೆ ಮನೆಗಳ ದಪ್ಪ ಮಣ್ಣಿನ ಗೋಡೆ ಮತ್ತು ಮಣ್ಣು ಮುಚ್ಚಿದ ಚಾವಣಿ, ಅಂಗಳದವರೆಗೆ ಬಂದ ಸಿಗ್ನಲನ್ನು ಒಳಕೋಣೆಗೆ ಬಿಡುವುದಿಲ್ಲ.

2020ರ ಮಾರ್ಚ್‌ನಲ್ಲಿ ಕೊರೊನಾ ಸೋಂಕಿನಿಂದ ಶಾಲೆಗಳು ಮುಚ್ಚಿದಾಗ ಈ ಕೊರತೆ ರಾಜ್ಯದಾದ್ಯಂತ ಎದ್ದು ಕಂಡಿತು. ದೂರದರ್ಶನ ಚಂದನ ವಾಹಿನಿಯ 'ಸಂವೇದ' ಪಾಠಗಳು, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗುವ 'ವಿದ್ಯಾಗಮ' ಕಾರ್ಯಕ್ರಮ ಅದೇ ವರ್ಷ ಬಂದವು. ಫೋನ್ ಇದ್ದೂ ಸಂಪರ್ಕ ಸಿಗದ ಮಕ್ಕಳು ದಿಣ್ಣೆ, ಮರ, ಮಹಡಿಗಳನ್ನು ಹತ್ತಿದ ಸುದ್ದಿಗಳು ಆ ದಿನಗಳಲ್ಲಿ ಸಾಮಾನ್ಯವಾಗಿದ್ದವು. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷಾ ಫಲಿತಾಂಶ, ಪಹಣಿ, ಅಡಿಕೆ ಧಾರಣೆ ಎಲ್ಲವೂ ಕೈಫೋನಿಗೆ ಬಂದಿರುವ ಈಗಲೂ ಆ ಅಗತ್ಯ ಕಡಿಮೆಯಾಗಿಲ್ಲ.

ಅಗ್ಗದ ವಿಧಾನಗಳು

ಅತ್ಯಂತ ಅಗ್ಗವಾದದ್ದು ಹಳೆಯ ಆಂಡ್ರಾಯ್ಡ್ ಫೋನನ್ನು ಹಾಟ್‌ಸ್ಪಾಟ್ ಆಗಿ ಬಳಸುವುದು. ಪರದೆ ಬಿರಿದ ಫೋನೂ ಆದೀತು. ಅದು 4ಜಿ ಸಿಮ್ ಸ್ವೀಕರಿಸಿದರೆ ಸಾಕು. ಹೆಚ್ಚುವರಿ ಖರ್ಚು ಸಿಮ್‌ನ ಮಾಸಿಕ ದರ ಮಾತ್ರ. ಇದರಲ್ಲಿ ಒಂದು ಅಪಾಯವನ್ನು ಮರೆಯಬಾರದು: ಸದಾ ಚಾರ್ಜರ್‌ಗೆ ಸಿಕ್ಕಿಸಿಟ್ಟ, ಬಿಸಿಯಾಗುವ ಜಾಗದಲ್ಲಿರುವ ಹಳೆಯ ಫೋನಿನ ಬ್ಯಾಟರಿ ಉಬ್ಬಿಕೊಳ್ಳುತ್ತದೆ. ಬೇಸಿಗೆಯಲ್ಲಿ ತಗಡಿನ ಚಾವಣಿಯ ಕೆಳಗಿನ ಅಟ್ಟ ಇದಕ್ಕೆ ತೀರ ಕೆಟ್ಟ ಜಾಗ. ಬೆನ್ನು ಉಬ್ಬಿದ ಫೋನನ್ನು ಕೂಡಲೇ ಬಳಕೆಯಿಂದ ತೆಗೆಯಬೇಕು.

ಎರಡನೆಯದು ಸಿಮ್ ಹಾಕುವ 4ಜಿ ರೂಟರ್. ಇದು ಫೋನಿಗಿಂತ ದುಬಾರಿಯಾದರೂ ದಿನವಿಡೀ ನಡೆಯಲೆಂದೇ ರೂಪಿಸಿದ್ದು. ಕೆಲವಕ್ಕೆ ಹೊರಗಿನ ಆಂಟೆನಾ ಜೋಡಿಸುವ ಅವಕಾಶವೂ ಇದೆ. ಗುಡ್ಡದ ಮಗ್ಗುಲಿನ ಮನೆಗಳಿಗೆ ಈ ಅವಕಾಶ ಬೆಲೆಬಾಳುವಂಥದು.

ಮೂರನೆಯದು ಆಪ್ಟಿಕಲ್ ಫೈಬರ್. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ನೀಡಿತು. ಭಾರತ್‌ನೆಟ್ ಎಂಬುದು ಅದರ ನಂತರದ ಹೆಸರು. ಬಿಎಸ್‌ಎನ್‌ಎಲ್ ಹಾಗೂ ಖಾಸಗಿ ಸಂಸ್ಥೆಗಳ ಫೈಬರ್ ಬೀದಿಯವರೆಗೆ ಬಂದಿದ್ದರೆ ಇದೇ ಉತ್ತಮ ಆಯ್ಕೆ. ತಿಂಗಳ ದರ ಸಿಮ್‌ಗಿಂತ ಹೆಚ್ಚೆಂದು ತೋರಿದರೂ ಮೂರುನಾಲ್ಕು ಮಂದಿ ಬಳಸುವ ಮನೆಯಲ್ಲಿ ತಲಾ ಖರ್ಚು ಕಡಿಮೆ. ಜಾಹೀರಾತಿನ ದರದ ಮೇಲೆ ಸಾಮಾನ್ಯವಾಗಿ 18% ಜಿಎಸ್‌ಟಿ ಬೀಳುತ್ತದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಫೈಬರ್‌ನ ತುದಿಯಲ್ಲಿ ಕೂರಿಸುವ ಪೆಟ್ಟಿಗೆಯಲ್ಲೇ ಬಹುಮಟ್ಟಿಗೆ ವೈ-ಫೈ ಇರುತ್ತದೆ. ಅಂಗಡಿಯವರು ಹೇಳಿದರೆಂದು ಇನ್ನೊಂದು ರೂಟರ್ ಕೊಳ್ಳುವುದು ಅನಗತ್ಯ. ಫೈಬರ್ ಬಂದ ಮೇಲೆ ಮೊಬೈಲ್ ಸಿಗ್ನಲ್ ಇಲ್ಲದ ಕೋಣೆಯಿಂದಲೂ ವೈ-ಫೈ ಮೂಲಕ ಸಾಧಾರಣ ಫೋನ್ ಕರೆ ಮಾಡಬಹುದು. ಈ ಸೌಲಭ್ಯ ಭಾರತದಲ್ಲಿ 2019ರ ಕೊನೆಯಿಂದ ಆರಂಭವಾಯಿತು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಚಾಲೂ ಮಾಡಿಕೊಳ್ಳಬೇಕು. ವಯಸ್ಸಾದವರು ಒಂಟಿಯಾಗಿರುವ ತೋಟದ ಮನೆಗೆ ಪಾಠ, ಮನರಂಜನೆಗಳಿಗಿಂತ ಇದೇ ದೊಡ್ಡ ಲಾಭ.

ಸ್ಥಳದ ಆಯ್ಕೆ

ಹಣ ಖರ್ಚಿಲ್ಲದೆ ಜಾಲವನ್ನು ಉತ್ತಮಗೊಳಿಸುವ ಉಪಾಯವೆಂದರೆ ಸರಿಯಾದ ಜಾಗ. ಸಿಮ್ ಆಧಾರಿತ ಜಾಲದಲ್ಲಿ ಮೊದಲು ಹೊರಗಿನ ಸಿಗ್ನಲನ್ನು ಅಳೆಯಬೇಕು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರಗಳ ಪುಟಕ್ಕೆ ಹೋಗಿ ಸಿಮ್ ಸ್ಥಿತಿಯನ್ನು ನೋಡಿದರೆ ಸಿಗ್ನಲ್ ಬಲ ಡಿಬಿಎಂ ಎಂಬ ಮಾನದಲ್ಲಿ, ಋಣಸಂಖ್ಯೆಯಾಗಿ ಕಾಣುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಒಳ್ಳೆಯದು. ಮೈನಸ್ 110 ದುರ್ಬಲ. ಈ ಮಾನದಲ್ಲಿ ಪ್ರತಿ 10ರ ವ್ಯತ್ಯಾಸವೂ ಶಕ್ತಿಯಲ್ಲಿ ಹತ್ತು ಪಟ್ಟು, ಅಂದರೆ 20ರ ವ್ಯತ್ಯಾಸ ನೂರು ಪಟ್ಟು. ಪರದೆಯ ಮೇಲಿನ ಕಡ್ಡಿಗಳನ್ನು ನಂಬುವುದಕ್ಕಿಂತ ಈ ಸಂಖ್ಯೆಯನ್ನು ನೋಡುತ್ತ ಪ್ರತಿ ಕಿಟಕಿ, ಮೆಟ್ಟಿಲು, ಅಟ್ಟಗಳಲ್ಲಿ ಒಂದೊಂದು ನಿಮಿಷ ನಿಂತು ಬರೆದಿಟ್ಟುಕೊಂಡರೆ ಉತ್ತಮ ಜಾಗ ತಾನಾಗಿ ತಿಳಿಯುತ್ತದೆ.

ಆಮೇಲಿನ ಪ್ರಶ್ನೆ ಒಳಗಿನ ಹಂಚಿಕೆಯದು. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ನದು ಅದರ ಅರ್ಧಕ್ಕೂ ಕಡಿಮೆ. ಮೊದಲನೆಯದು ಗೋಡೆಗಳನ್ನು ಹೆಚ್ಚು ಚೆನ್ನಾಗಿ ದಾಟುತ್ತದೆ. ಎರಡನೆಯದು ವೇಗವಾದರೂ ಒಂದೇ ಕೋಣೆಗೆ ಮೀಸಲಾದಂತೆ. ಹಂಚಿನ ಮಾಡು ಅಲೆಗೆ ಅಷ್ಟಾಗಿ ಅಡ್ಡಿಯಲ್ಲ. ಮಣ್ಣಿನ ದಪ್ಪ ಗೋಡೆ, ಕಬ್ಬಿಣ ತುಂಬಿದ ಕಾಂಕ್ರೀಟ್ ತಾರಸಿ, ನೀರಿನ ಟ್ಯಾಂಕು, ತಗಡಿನ ಶೆಡ್ಡು, ದವಸದ ಡ್ರಮ್ಮು, ಉಕ್ಕಿನ ಬೀರು ದೊಡ್ಡ ಅಡ್ಡಿಗಳು. ರೂಟರನ್ನು ಟಿವಿಯ ಹಿಂದೆ ಅಥವಾ ಬೀರುವಿನ ಮೇಲೆ ಮರೆಮಾಡಿಡುವ ರೂಢಿ ನೋಟಕ್ಕೆ ಅಚ್ಚುಕಟ್ಟು, ಜಾಲಕ್ಕೆ ಕೇಡು. ಎದೆಯೆತ್ತರದಲ್ಲಿ, ಬಾಗಿಲುಗಳು ಕೂಡುವ ನಡುಮನೆಯ ಗೋಡೆಯೇ ಒಳ್ಳೆಯದು.

ಒಂದೇ ರೂಟರ್ ಸಾಲದಿದ್ದಾಗ ಗೋಡೆಗೆ ಸಿಕ್ಕಿಸುವ ರಿಪೀಟರ್ ಕೊಳ್ಳುವುದುಂಟು. ಸಾಧಾರಣ ರಿಪೀಟರ್ ಒಂದೇ ರೇಡಿಯೊದಿಂದ ಕೇಳಿಸಿಕೊಂಡು ಅದರಿಂದಲೇ ಮರುನುಡಿಯುವುದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದರ ಬದಲು ಈಥರ್‌ನೆಟ್ ಕೇಬಲ್ ಎಳೆದು, ಅದರ ತುದಿಗೆ ಹಳೆಯ ರೂಟರೊಂದನ್ನು ಜೋಡಿಸುವುದು ಲೇಸು. ಕೇಬಲ್ 100 ಮೀಟರ್‌ವರೆಗೆ ಸಾಗುತ್ತದೆ. ಹಳೆಯ ರೂಟರಿನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಸೇವೆಯನ್ನು ನಿಲ್ಲಿಸಿ, ಅದರ ಸ್ವಂತ ವಿಳಾಸವನ್ನು ಮೊದಲ ರೂಟರಿನದಕ್ಕಿಂತ ಬೇರೆ ಮಾಡಿ, ಕೇಬಲನ್ನು ಲ್ಯಾನ್ ಕಿಂಡಿಗೆ ಸಿಕ್ಕಿಸಬೇಕು.

ವಿದ್ಯುತ್

ಮನೆಯ ರೂಟರ್ ಬಳಸುವ ಶಕ್ತಿ ತೀರ ಕಡಿಮೆ. 8 ವಾಟ್‌ನ ರೂಟರ್ ತಿಂಗಳಿಡೀ ನಡೆದರೂ ಆರು ಯೂನಿಟ್ ದಾಟುವುದಿಲ್ಲ. ಕರೆಂಟ್ ಹೋದಾಗ ಜಾಲವೂ ನಿಲ್ಲುವುದೇ ನಿಜವಾದ ತೊಂದರೆ. ಲಿಥಿಯಂ ಕೋಶಗಳ ಪುಟ್ಟ ಯುಪಿಎಸ್ ಇದಕ್ಕೆ ಪರಿಹಾರ: 30 ವಾಟ್-ಗಂಟೆಯ ಘಟಕ 8 ವಾಟ್‌ನ ರೂಟರನ್ನು ಸುಮಾರು ಮೂರು ಗಂಟೆ ನಡೆಸುತ್ತದೆ. ಕೊಳ್ಳುವಾಗ ರೂಟರಿನ ಅಡಾಪ್ಟರ್ ಮೇಲೆ ಬರೆದ ವೋಲ್ಟೇಜ್ (ಬಹುತೇಕ 12, ಕೆಲವು 9) ಹೊಂದುವುದೇ ಎಂದು ನೋಡಬೇಕು. ಮುಂಗಾರುಪೂರ್ವ ಗುಡುಗು ಮಳೆಯ ವೇಳೆ ಅಡಾಪ್ಟರನ್ನು ಪ್ಲಗ್‌ನಿಂದ ತೆಗೆದಿಡುವುದು ಕ್ಷೇಮ. ಫೈಬರ್‌ನ ಗಾಜಿನ ಎಳೆ ಮಿಂಚಿನ ವಿದ್ಯುತ್ತನ್ನು ಒಯ್ಯದು, ಆದರೆ ವಿದ್ಯುತ್ ತಂತಿ ಒಯ್ಯುತ್ತದೆ.

ಡೇಟಾ ಲೆಕ್ಕ

ವೇಗವನ್ನು ಬಿಟ್‌ಗಳಲ್ಲೂ ಡೇಟಾವನ್ನು ಬೈಟ್‌ಗಳಲ್ಲೂ ಹೇಳುವುದರಿಂದ ಗೊಂದಲವಾಗುತ್ತದೆ. 8 ಬಿಟ್ ಸೇರಿದರೆ 1 ಬೈಟ್. ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಒಂದು ಗಂಟೆ ಹರಿಯುವ ವಿಡಿಯೊ ಪಾಠಕ್ಕೆ 450 ಮೆಗಾಬೈಟ್ ಬೇಕು. ದಿನಕ್ಕೆ 2 ಗಿಗಾಬೈಟ್ ಕೊಡುವ ಸಿಮ್‌ನಲ್ಲಿ ಇಂತಹ ನಾಲ್ಕು ಗಂಟೆಯ ಪಾಠ ಮುಗಿಯುತ್ತದೆ. ಮನೆಯ ಇತರ ಫೋನ್‌ಗಳು ವೈ-ಫೈ ಕಂಡೊಡನೆ ಅಪ್‌ಡೇಟ್ ಇಳಿಸಿಕೊಳ್ಳಲು ತೊಡಗಿದರೆ ಆ ಪಾಲೂ ಉಳಿಯದು. ಆದ್ದರಿಂದ ಹಾಟ್‌ಸ್ಪಾಟ್ ಜಾಲವನ್ನು ಪ್ರತಿ ಫೋನಿನಲ್ಲೂ 'ಮೀಟರ್ಡ್' ಎಂದು ಗುರುತಿಸಬೇಕು.

ಭದ್ರತೆ

ಡಬ್ಲ್ಯುಇಪಿ ಎಂಬ ಹಳೆಯ ಗೂಢಲಿಪಿ ವಿಧಾನ 2001ರಲ್ಲೇ ಭೇದಿಸಲ್ಪಟ್ಟಿತು. ಡಬ್ಲ್ಯುಪಿಎ2 ಅಥವಾ 2018ರ ಡಬ್ಲ್ಯುಪಿಎ3 ಆಯ್ದುಕೊಳ್ಳಬೇಕು. ಗುಂಡಿ ಅಥವಾ ಎಂಟಂಕಿಯ ಪಿನ್ ಮೂಲಕ ಜೋಡಿಸುವ ಡಬ್ಲ್ಯುಪಿಎಸ್ ಸೌಲಭ್ಯದ ಪಿನ್ ವಿಧಾನದಲ್ಲಿ 2011ರಲ್ಲಿ ದೋಷ ಕಂಡುಬಂದಿದ್ದು, ಅದನ್ನು ನಿಲ್ಲಿಸುವುದು ಮೇಲು. ಜಾಲದ ಗುಪ್ತಪದ ಮತ್ತು ರೂಟರಿನ ಆಡಳಿತ ಪುಟದ ಗುಪ್ತಪದ ಬೇರೆಬೇರೆ, ಎರಡನ್ನೂ ಬದಲಿಸಬೇಕು. ಮೊಬೈಲ್ ಸಂಖ್ಯೆಯನ್ನೇ ಗುಪ್ತಪದ ಮಾಡಿದರೆ ಊರಿಗೆಲ್ಲ ಗೊತ್ತಿರುವ ಬೀಗದ ಕೈಯನ್ನು ಬಾಗಿಲಿಗೆ ತೂಗುಹಾಕಿದಂತೆ. ನೆರೆಯ ಮಕ್ಕಳಿಗೆ ಸಂಪರ್ಕ ಕೊಡುವುದಿದ್ದರೆ ರೂಟರಿನ ಅತಿಥಿ ಜಾಲವನ್ನು ಪ್ರತ್ಯೇಕ ಗುಪ್ತಪದದೊಡನೆ ಬಳಸಬಹುದು.

2008ರ ಅಹಮದಾಬಾದ್ ಸ್ಫೋಟಗಳ ಸಂದರ್ಭದಲ್ಲಿ ಬೆದರಿಕೆಯ ಮಿಂಚಂಚೆಯೊಂದು ನವಿ ಮುಂಬಯಿಯ ಮನೆಯೊಂದರ ಭದ್ರಪಡಿಸದ ವೈ-ಫೈ ಮೂಲಕ ಹೋಗಿತ್ತು. ತನಿಖೆ ಮೊದಲು ತಲುಪಿದ್ದು ಸಂಪರ್ಕ ಪಡೆದಿದ್ದ ಮನೆಯವರ ಬಾಗಿಲಿಗೆ. ಮರುವರ್ಷ ದೂರಸಂಪರ್ಕ ಇಲಾಖೆಯು ವೈ-ಫೈ ಜಾಲಗಳನ್ನು ಭದ್ರಪಡಿಸುವ ಬಗ್ಗೆ ಸೇವಾ ಸಂಸ್ಥೆಗಳಿಗೆ ಸೂಚನೆ ಹೊರಡಿಸಿತು.