ಕ್ಯಾಸಲ್‌ವೇನಿಯಾ (1986ರ ವೀಡಿಯೊ ಗೇಮ್)

ಕ್ಯಾಸಲ್‌ವೇನಿಯಾ ಜಪಾನಿನ ಕೊನಾಮಿ ಸಂಸ್ಥೆಯು ರೂಪಿಸಿ ಪ್ರಕಟಿಸಿದ, ಗೋಥಿಕ್ ಭಯಾನಕ ಶೈಲಿಯ ಪ್ಲಾಟ್‌ಫಾರ್ಮ್ ವೀಡಿಯೊ ಗೇಮ್. ಇದು 1986ರ ಸೆಪ್ಟೆಂಬರ್ 26ರಂದು ಜಪಾನಿನಲ್ಲಿ 'ಅಕುಮಾಜೋ ಡ್ರಾಕುಲಾ' ಎಂಬ ಹೆಸರಿನಿಂದ ನಿಂಟೆಂಡೊದ ಫ್ಯಾಮಿಕಾಮ್ ಡಿಸ್ಕ್ ಸಿಸ್ಟಮ್ ಸಾಧನಕ್ಕಾಗಿ ಬಿಡುಗಡೆಯಾಯಿತು. ಜಪಾನಿ ಭಾಷೆಯಲ್ಲಿ 'ಅಕುಮಾಜೋ' ಎಂದರೆ ಪಿಶಾಚಿಯ ಕೋಟೆ ಎಂದರ್ಥ. 1987ರಲ್ಲಿ ಉತ್ತರ ಅಮೆರಿಕದಲ್ಲಿಯೂ 1988ರಲ್ಲಿ ಯುರೋಪಿನಲ್ಲಿಯೂ ನಿಂಟೆಂಡೊ ಎಂಟರ್‌ಟೈನ್‌ಮೆಂಟ್ ಸಿಸ್ಟಮ್‌ಗಾಗಿ (ಎನ್‌ಇಎಸ್) ಕಾರ್ಟ್ರಿಜ್ ರೂಪದಲ್ಲಿ ಹೊರಬಂದಿತು. ಇದೇ ಹೆಸರಿನ ದೀರ್ಘ ಸರಣಿಗೆ ನಾಂದಿ ಹಾಡಿದ ಈ ಆಟವನ್ನು ಇಂದಿಗೂ ಆಡಲಾಗುತ್ತಿದೆ.

ಕಥಾವಸ್ತು

ಕಥೆಯು 1691ರಲ್ಲಿ ನಡೆಯುತ್ತದೆ. ರಕ್ತಪಿಶಾಚಿಗಳನ್ನು ಬೇಟೆಯಾಡುವ ವಂಶದ ಸೈಮನ್ ಬೆಲ್ಮಾಂಟ್, ಪುನರುಜ್ಜೀವಗೊಂಡ ಕೌಂಟ್ ಡ್ರಾಕುಲಾನನ್ನು ಸಂಹರಿಸಲು ಅವನ ಕೋಟೆಯನ್ನು ಪ್ರವೇಶಿಸುತ್ತಾನೆ. 'ವ್ಯಾಂಪೈರ್ ಕಿಲ್ಲರ್' ಎಂಬ ಚಾವಟಿಯೇ ಅವನ ಪ್ರಮುಖ ಆಯುಧ.

ಆಟದ ವಿಧಾನ

ಆಟವು 6 ವಿಭಾಗಗಳಲ್ಲಿ ಹರಡಿದ 18 ಹಂತಗಳನ್ನು ಒಳಗೊಂಡಿದೆ. ಪ್ರತಿ ವಿಭಾಗದ ಕೊನೆಯಲ್ಲಿ ಪ್ರಬಲ ಎದುರಾಳಿಗಳಿರುತ್ತಾರೆ. ಬೃಹತ್ ಬಾವಲಿ, ಮೆಡೂಸಾ, ಇಬ್ಬರು ಮಮ್ಮಿಗಳು, ಫ್ರಾಂಕೆನ್‌ಸ್ಟೈನ್‌ನ ಜೀವಿ ಮತ್ತು ಇಗೋರ್, ಕುಡುಗೋಲು ಹಿಡಿದ ಮೃತ್ಯು, ಕೊನೆಗೆ ಡ್ರಾಕುಲಾ ಎಂಬುದು ಇವರ ಕ್ರಮ.

ಗೋಡೆಯ ಬದಿಯ ಮೇಣದ ಬತ್ತಿಗಳನ್ನು ಚಾವಟಿಯಿಂದ ಒಡೆದರೆ ವಿವಿಧ ವಸ್ತುಗಳು ದೊರೆಯುತ್ತವೆ. ಇವುಗಳಲ್ಲಿ ಹೃದಯದ ಚಿಹ್ನೆಯು ಹೊಸ ಆಟಗಾರರನ್ನು ಗೊಂದಲಕ್ಕೆ ಒಳಪಡಿಸುತ್ತದೆ. ಅದು ಪ್ರಾಣಶಕ್ತಿಯನ್ನು ಹೆಚ್ಚಿಸುವುದಿಲ್ಲ. ಕಿರುಗತ್ತಿ, ಕೊಡಲಿ, ಪವಿತ್ರಜಲ, ಶಿಲುಬೆ ಮತ್ತು ಗಡಿಯಾರ ಎಂಬ ಉಪ ಆಯುಧಗಳನ್ನು ಬಳಸಲು ಬೇಕಾದ ಸಂಗ್ರಹವಷ್ಟೇ ಆಗಿದೆ. ಪ್ರಾಣಶಕ್ತಿಯನ್ನು ತುಂಬಿಕೊಳ್ಳಲು ಬೇಕಾದ ಮಾಂಸದ ತುಂಡನ್ನು ಹೆಚ್ಚಾಗಿ ಗೋಡೆಯ ಇಟ್ಟಿಗೆಗಳ ಹಿಂದೆ ಅಡಗಿಸಲಾಗಿದೆ.

ಕಠಿಣತೆ

ಈ ಆಟದ ಕಠಿಣತೆಗೆ ಕಾರಣ ಶತ್ರುಗಳ ವೇಗಕ್ಕಿಂತಲೂ ನಾಯಕನ ಚಲನೆಯ ಮಿತಿಗಳು. ಸೈಮನ್ ಒಮ್ಮೆ ನೆಲದಿಂದ ಜಿಗಿದರೆ ಗಾಳಿಯಲ್ಲಿ ದಿಕ್ಕು ಬದಲಿಸಲಾಗದು. ಚಾವಟಿಯು ಬೀಸುವ ಮುನ್ನ ಕ್ಷಣಕಾಲ ತಡವಾಗುತ್ತದೆ. ಪೆಟ್ಟು ತಿಂದಾಗ ಅವನು ಹಿಂದಕ್ಕೆ ಎಸೆಯಲ್ಪಡುತ್ತಾನೆ. ಹಿಂದೆ ಕಂದಕವಿದ್ದರೆ ಪ್ರಾಣಶಕ್ತಿ ಎಷ್ಟೇ ಉಳಿದಿದ್ದರೂ ಸಾವು ಖಚಿತ. ಆದ್ದರಿಂದ ಪ್ರತಿ ಜಿಗಿತವನ್ನೂ ಮೊದಲೇ ನಿರ್ಧರಿಸಬೇಕಾಗುತ್ತದೆ.

16 ಅಂಶಗಳ ಪ್ರಾಣಶಕ್ತಿಯು ಅಂತಿಮ ಹಂತಗಳಲ್ಲಿ ನಾಲ್ಕೇ ಪೆಟ್ಟುಗಳಿಗೆ ಮುಗಿಯುತ್ತದೆ. ಸತ್ತಾಗ ಉಪ ಆಯುಧವೂ ಚಾವಟಿಗೆ ದೊರೆತ ಹೆಚ್ಚುವರಿ ಉದ್ದವೂ ಕಳೆದುಹೋಗುತ್ತವೆ. ಐದನೆಯ ವಿಭಾಗದಲ್ಲಿ ಮೃತ್ಯುವಿನ ಕೋಣೆಗೆ ಮುನ್ನ ಬರುವ ಮೊಗಸಾಲೆಯು ಸರಣಿಯ ಅಭಿಮಾನಿಗಳಲ್ಲಿ ಕುಖ್ಯಾತವಾಗಿದೆ. ಅಲ್ಲಿ ಕವಚಧಾರಿ ಯೋಧರು ಕೊಡಲಿ ಎಸೆಯುತ್ತಿರುವಾಗಲೇ ಮೆಡೂಸಾಳ ತಲೆಗಳು ಅಲೆಯಂತೆ ಏರಿಳಿಯುತ್ತ ಹಾರಿಬರುತ್ತವೆ. ಆದರೆ ಶತ್ರುಗಳ ಚಲನೆ ನಿಯಮಬದ್ಧವಾಗಿದೆ ಮತ್ತು ಆಟವನ್ನು ಎಷ್ಟು ಬಾರಿಯಾದರೂ ಮುಂದುವರಿಸಬಹುದಾಗಿದೆ. ಹೀಗಾಗಿ ಚುರುಕುತನಕ್ಕಿಂತ ತಾಳ್ಮೆ ಮತ್ತು ಜ್ಞಾಪಕಶಕ್ತಿಗೆ ಇಲ್ಲಿ ಹೆಚ್ಚಿನ ಫಲ ದೊರೆಯುತ್ತದೆ.

ಚಲನಚಿತ್ರಗಳ ಪ್ರಭಾವ

ಬ್ರಾಮ್ ಸ್ಟೋಕರ್‌ನ 'ಡ್ರಾಕುಲಾ' (1897) ಕಾದಂಬರಿಗಿಂತ ಹಳೆಯ ಭಯಾನಕ ಚಲನಚಿತ್ರಗಳ ಛಾಯೆಯೇ ಆಟದಲ್ಲಿ ಹೆಚ್ಚು ಕಾಣಿಸುತ್ತದೆ. ಶೀರ್ಷಿಕೆಯ ಪರದೆಯ ಅಂಚಿನಲ್ಲಿ ಫಿಲ್ಮ್ ಸುರುಳಿಯ ರಂಧ್ರಗಳನ್ನು ಚಿತ್ರಿಸಲಾಗಿದೆ. ಫ್ರಾಂಕೆನ್‌ಸ್ಟೈನ್‌ನ ಜೊತೆಗಿರುವ ಇಗೋರ್ ಮೇರಿ ಶೆಲ್ಲಿಯ 1818ರ ಕಾದಂಬರಿಯಲ್ಲಿ ಇಲ್ಲ. ಆ ಪಾತ್ರ ಚಲನಚಿತ್ರಗಳಿಂದ ಬಂದದ್ದು. ಆಟ ಮುಗಿದ ಬಳಿಕ ತೆರೆಯುವ ಹೆಸರುಗಳ ಪಟ್ಟಿಯಲ್ಲಿ ನಿಜವಾದ ತಯಾರಕರ ಬದಲು 'ಕ್ರಿಸ್ಟೋಫರ್ ಬೀ', 'ಬೆಲೊ ಲುಗೋಸಿ', 'ಬೋರಿಸ್ ಕಾರ್ಲಾಫಿಸ್' ಎಂಬ ಹಾಸ್ಯದ ಹೆಸರುಗಳಿವೆ. ಇವು ಕ್ರಮವಾಗಿ ನಟರಾದ ಕ್ರಿಸ್ಟೋಫರ್ ಲೀ, ಬೆಲಾ ಲುಗೋಸಿ ಮತ್ತು ಬೋರಿಸ್ ಕಾರ್ಲಾಫ್ ಅವರ ಹೆಸರುಗಳ ತಿರುಚಿದ ರೂಪಗಳು.

ಸಂಗೀತ

ಸಂಗೀತವನ್ನು ಕಿನುಯೊ ಯಮಶಿತಾ ಮತ್ತು ಸತೋಎ ತೆರಶಿಮಾ ರಚಿಸಿದರು. ಪಟ್ಟಿಯಲ್ಲಿ ಸಂಗೀತಗಾರರ ಹೆಸರು 'ಜೇಮ್ಸ್ ಬನಾನಾ' ಎಂದಿದೆ. ಇದು ಹ್ಯಾಮರ್ ಸಂಸ್ಥೆಯ ಡ್ರಾಕುಲಾ ಚಿತ್ರಕ್ಕೆ ಸಂಗೀತ ನೀಡಿದ ಜೇಮ್ಸ್ ಬರ್ನಾರ್ಡ್ ಅವರನ್ನು ಸೂಚಿಸುತ್ತದೆ. ಮೊದಲ ವಿಭಾಗದ 'ವ್ಯಾಂಪೈರ್ ಕಿಲ್ಲರ್' ರಾಗವನ್ನು ಸರಣಿಯ ನಂತರದ ಹಲವು ಆಟಗಳಲ್ಲಿ ಮರುಬಳಸಲಾಗಿದೆ.

ದಶಕಗಳ ನಂತರ

1986ರ ಪ್ರತಿಗಳನ್ನು ಮೂಲ ಯಂತ್ರದಲ್ಲಿ ಆಡುವುದು ಈಗ ಸುಲಭವಲ್ಲ. ಡಿಸ್ಕ್‌ಗಳ ಕಾಂತೀಯ ದತ್ತಾಂಶವು ಕಾಲಕ್ರಮೇಣ ಅಳಿಯಬಹುದು. ಡಿಸ್ಕ್ ಡ್ರೈವ್‌ನ ರಬ್ಬರ್ ಬೆಲ್ಟ್ ಸಡಿಲಗೊಳ್ಳುತ್ತದೆ ಅಥವಾ ತುಂಡಾಗುತ್ತದೆ. ಡಿಸ್ಕ್‌ಗಳಿಗೆ ಆಟಗಳನ್ನು ಬರೆದುಕೊಡುತ್ತಿದ್ದ ನಿಂಟೆಂಡೊ ಸೇವೆಯು 2003ರಲ್ಲಿ ಕೊನೆಗೊಂಡಿತು.

ಆಧುನಿಕ ದೂರದರ್ಶನ ಪರದೆಗಳು ಮತ್ತೊಂದು ತೊಡಕನ್ನು ಒಡ್ಡುತ್ತವೆ. ಹಳೆಯ ಸಿಆರ್‌ಟಿ ಪರದೆಯು ಸಂಕೇತವನ್ನು ಬಂದ ಕೂಡಲೇ ಚಿತ್ರಿಸುತ್ತಿತ್ತು. ಇಂದಿನ ಚಪ್ಪಟೆ ಪರದೆಗಳು ಚಿತ್ರವನ್ನು ಸಂಸ್ಕರಿಸಿ ತೋರಿಸುವುದರಿಂದ ಗುಂಡಿ ಒತ್ತುವುದಕ್ಕೂ ಫಲಿತಾಂಶ ಕಾಣುವುದಕ್ಕೂ ನಡುವೆ ಸ್ವಲ್ಪ ವಿಳಂಬ ಉಂಟಾಗುತ್ತದೆ. ಜಿಗಿತವನ್ನು ತಿದ್ದಿಕೊಳ್ಳಲು ಅವಕಾಶವೇ ಇಲ್ಲದ ಈ ಆಟದಲ್ಲಿ ಆ ವಿಳಂಬವು ಕಠಿಣತೆಯನ್ನು ಹೆಚ್ಚಿಸುತ್ತದೆ. ಹಲವು ಟಿವಿಗಳಲ್ಲಿರುವ 'ಗೇಮ್ ಮೋಡ್' ಇದನ್ನು ಕಡಿಮೆ ಮಾಡುತ್ತದೆ.

ಮರುಬಿಡುಗಡೆಗಳಲ್ಲಿ ಪ್ರಮುಖವಾದವು ಇವು:

• 1993 – ಜಪಾನಿನಲ್ಲಿ ಫ್ಯಾಮಿಕಾಮ್ ಕಾರ್ಟ್ರಿಜ್. ಇದರಲ್ಲಿ ಸುಲಭ ಆವೃತ್ತಿಯ ಆಯ್ಕೆಯೂ ಇದೆ
• 2004 – ಗೇಮ್ ಬಾಯ್ ಅಡ್ವಾನ್ಸ್
• 2016 – 30 ಆಟಗಳನ್ನು ಅಡಕಗೊಳಿಸಿದ ಎನ್‌ಇಎಸ್ ಕ್ಲಾಸಿಕ್ ಎಡಿಷನ್
• 2019 – ಸರಣಿಯ 8 ಆಟಗಳ 'ಕ್ಯಾಸಲ್‌ವೇನಿಯಾ ಆನಿವರ್ಸರಿ ಕಲೆಕ್ಷನ್' (ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್, ಸ್ವಿಚ್, ವಿಂಡೋಸ್)

ಕೊನೆಯ ಸಂಕಲನದಲ್ಲಿ ಯಾವುದೇ ಕ್ಷಣದಲ್ಲಿ ಆಟವನ್ನು ಉಳಿಸಿ ಅಲ್ಲಿಂದಲೇ ಮುಂದುವರಿಯುವ ಸೌಲಭ್ಯವಿದೆ. ಹೊಸಬರಿಗೆ ಇದು ಅನುಕೂಲಕರ. ಆದರೆ ಹಂತವನ್ನು ಮೊದಲಿನಿಂದ ಮತ್ತೆ ಮತ್ತೆ ಆಡುತ್ತ ಕಲಿಯುವುದನ್ನೇ ಆಧರಿಸಿದ ಮೂಲ ವಿನ್ಯಾಸದ ಅನುಭವವು ಇದರಿಂದ ಬದಲಾಗುತ್ತದೆ.

ಭಾರತದಲ್ಲಿ

1990ರ ದಶಕದಲ್ಲಿ ಭಾರತದಲ್ಲಿ 'ಟಿವಿ ಗೇಮ್' ಎಂದು ವ್ಯಾಪಕವಾಗಿ ಮಾರಾಟವಾದ ಯಂತ್ರಗಳಲ್ಲಿ ಫ್ಯಾಮಿಕಾಮ್‌ನ ಅನಧಿಕೃತ ಪ್ರತಿರೂಪಗಳು ಬಹಳಷ್ಟಿದ್ದವು. ಕಾರ್ಟ್ರಿಜ್‌ಗಳನ್ನು ಜನರು 'ಕ್ಯಾಸೆಟ್' ಎಂದೇ ಕರೆಯುತ್ತಿದ್ದರು. ಇಂದು ಹಳೆಯ ಆಟಗಳನ್ನು ಕಂಪ್ಯೂಟರ್ ಅಥವಾ ಮೊಬೈಲಿನಲ್ಲಿ ಎಮ್ಯುಲೇಟರ್ ತಂತ್ರಾಂಶದ ಮೂಲಕವೂ ಆಡಲಾಗುತ್ತದೆ. ಹಕ್ಕುಸ್ವಾಮ್ಯ ಕಾಯಿದೆ, 1957ರ 52ನೇ ಕಲಮು ಕಂಪ್ಯೂಟರ್ ಪ್ರೋಗ್ರಾಂನ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿರುವವರು ನಷ್ಟದ ವಿರುದ್ಧ ರಕ್ಷಣೆಗಾಗಿ ಬ್ಯಾಕಪ್ ಪ್ರತಿ ಮಾಡಿಕೊಳ್ಳಲು ಅವಕಾಶ ನೀಡುತ್ತದೆ.

ಸಂರಕ್ಷಣೆ

ಡಿಜಿಟಲ್ ಮಳಿಗೆಗಳೂ ಶಾಶ್ವತವಲ್ಲ. ಈ ಆಟವನ್ನು ಮಾರುತ್ತಿದ್ದ ವೀ ಯಂತ್ರದ ಮಳಿಗೆಯು 2019ರ ಜನವರಿಯಲ್ಲಿ ಮುಚ್ಚಿತು. 3ಡಿಎಸ್ ಮತ್ತು ವೀ ಯು ಮಳಿಗೆಗಳಲ್ಲಿ ಖರೀದಿಯು 2023ರ ಮಾರ್ಚ್‌ನಲ್ಲಿ ನಿಂತಿತು. ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಮಾರುಕಟ್ಟೆಯಲ್ಲಿ ಲಭ್ಯವಿಲ್ಲವೆಂದು ವೀಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ವರದಿ ಮಾಡಿತು. ಮರುಬಿಡುಗಡೆಗಳ ಕಾರಣದಿಂದ ಕ್ಯಾಸಲ್‌ವೇನಿಯಾ ಉಳಿದ ಅಲ್ಪಭಾಗಕ್ಕೆ ಸೇರುತ್ತದೆ.

ಪರಂಪರೆ

ಸರಣಿಯ 'ಸಿಂಫನಿ ಆಫ್ ದಿ ನೈಟ್' (1997) ನೇರ ಹಂತಗಳ ಬದಲು ಕೋಟೆಯನ್ನು ಮುಕ್ತವಾಗಿ ಶೋಧಿಸುವ ವಿನ್ಯಾಸವನ್ನು ತಂದಿತು. ನಿಂಟೆಂಡೊದ 'ಮೆಟ್ರಾಯ್ಡ್' ಆಟದ ಹೆಸರಿನೊಂದಿಗೆ ಸೇರಿ ಇದರಿಂದ 'ಮೆಟ್ರಾಯ್ಡ್‌ವೇನಿಯಾ' ಎಂಬ ಪ್ರಕಾರದ ಹೆಸರು ಬಳಕೆಗೆ ಬಂದಿತು. ಸರಣಿಯನ್ನು ಆಧರಿಸಿದ ಆ್ಯನಿಮೇಷನ್ ಧಾರಾವಾಹಿಯು 2017ರಿಂದ ನೆಟ್‌ಫ್ಲಿಕ್ಸ್‌ನಲ್ಲಿ ಪ್ರಸಾರವಾಯಿತು.