ಜೇಬಿನ ಪಿಸ್ತೂಲು, ಮೇಜಿನ ಮೊಹರು

ಹಾಸ್ಟೆಲಿನಲ್ಲಿದ್ದಾಗ, ಯಾವುದೋ ಹಳ್ಳಿಯಲ್ಲಿ ನಮ್ಮವರನ್ನು ಬಡಿದ ಸುದ್ದಿ ಬಂದ ರಾತ್ರಿ ಒಬ್ಬನಾದರೂ ಹೇಳುತ್ತಿದ್ದ: "ನಮ್ಮ ಸೊಂಟದಲ್ಲೂ ಒಂದು ಪಿಸ್ತೂಲು ಇದ್ದಿದ್ರೆ ಮುಟ್ತಿದ್ರೇನೋ?" ಯಾರೂ ನಗುತ್ತಿರಲಿಲ್ಲ. ನನಗೆ ನಮ್ಮೂರ ದೊಡ್ಡಮನೆಯ ಗೋಡೆಗೆ ತೂಗುಹಾಕಿದ್ದ ಜೋಡಿನಳಿಗೆಯ ಕೋವಿ ನೆನಪಾಗುತ್ತಿತ್ತು. ಅದು ಹಾರಿದ್ದನ್ನು ನಾನು ಕಂಡಿಲ್ಲ. ಹಾರಬೇಕಾಗಿಯೂ ಇರಲಿಲ್ಲ. ಅದು ಗೋಡೆಯ ಮೇಲಿತ್ತು, ನಮ್ಮಪ್ಪ ಜಗಲಿಯಿಂದ ಮೂರು ಮಾರು ದೂರ ನಿಲ್ಲುತ್ತಿದ್ದ. ಅಷ್ಟೆ.

ಗೆಳೆಯನ ಆ ಮಾತನ್ನು ಸಿಟ್ಟಿನ ಮಾತೆಂದು ತಳ್ಳಿಹಾಕಬಾರದು. ಚರಿತ್ರೆಯ ಮುಂದಿಟ್ಟು ಕೇಳಬೇಕು. ಕೇಳಲು ತಕ್ಕ ದೇಶ ಅಮೆರಿಕ. ಜೇಬಿನಲ್ಲಿ ಅಡಗುವ ಪುಟ್ಟ ಪಿಸ್ತೂಲು ಅಲ್ಲಿ ಅಂಗಡಿಯ ಸರಕು. ಬಡವನನ್ನೂ ಬಲಿಷ್ಠನನ್ನೂ ಸಮ ಮಾಡುವುದು ಪಿಸ್ತೂಲೇ ಎಂಬ ನಂಬಿಕೆ ಆ ದೇಶದಲ್ಲಿ ಗಾದೆಯಾಗಿದೆ. ಹಾಗಾದರೆ ಅಲ್ಲಿನ ಕರಿಯರನ್ನು ಅದು ಸಮ ಮಾಡಿತೆ?

ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್ ಎಂಬ ಕುಶಲಕರ್ಮಿ ಅಂಗೈಯಲ್ಲಿ ಅಡಗುವ, ಒಂದೇ ಗುಂಡಿನ ಪಿಸ್ತೂಲು ಮಾಡಿ ಹೆಸರಾದ. 1865ರ ಏಪ್ರಿಲ್ 14ರ ರಾತ್ರಿ ನಾಟಕಶಾಲೆಯಲ್ಲಿ ಲಿಂಕನ್ ತಲೆಗೆ ಗುಂಡಿಟ್ಟದ್ದು ಅಂಥದೇ ಪಿಸ್ತೂಲಿನಿಂದ. ಅದನ್ನು ಮುಚ್ಚಿಟ್ಟುಕೊಂಡು ಒಳಗೆ ಹೋದವನು ಗುಲಾಮಗಿರಿಯ ಪರವಾಗಿದ್ದ ಬಿಳಿಯ ನಟ ಬೂತ್. ಅದೇ ವರ್ಷದ ಕೊನೆಗೆ ಮಿಸಿಸಿಪಿ ರಾಜ್ಯ ಒಂದು ಕಾನೂನು ಮಾಡಿತು. ಸೈನ್ಯದಲ್ಲಿಲ್ಲದ, ಲೈಸೆನ್ಸು ಪಡೆಯದ ಯಾವ ಬಿಡುಗಡೆಯಾದ ಕರಿಯನೂ ಬಂದೂಕು, ಮದ್ದುಗುಂಡು, ಕಠಾರಿ ಇಟ್ಟುಕೊಳ್ಳಕೂಡದು! ಅಡಗಿಸಿಟ್ಟ ಪಿಸ್ತೂಲಿನಿಂದ ಕೊಂದವನು ಬಿಳಿಯ. ಕೈ ಕಟ್ಟಿಸಿಕೊಂಡವನು ಕರಿಯ.

ಇಷ್ಟು ಬೆತ್ತಲೆಯಾದ ಕಾನೂನು ಬಹುಕಾಲ ನಡೆಯಲಿಲ್ಲ. ಸಂವಿಧಾನಕ್ಕೆ ತಿದ್ದುಪಡಿಗಳು ಬಂದವು. ಆಗ ಕಾನೂನು ಬಟ್ಟೆ ಉಟ್ಟುಕೊಂಡಿತು. 1879ರಲ್ಲಿ ಟೆನೆಸಿ ರಾಜ್ಯ, 1881ರಲ್ಲಿ ಅರ್ಕನ್ಸಾ ರಾಜ್ಯ ಒಂದೇ ಬಗೆಯ ಶಾಸನ ತಂದವು: ಭೂಸೇನೆ, ನೌಕಾಸೇನೆ ಬಳಸುವ ಮಾದರಿಯ ಪಿಸ್ತೂಲು ಮಾತ್ರ ಮಾರಬಹುದು, ಉಳಿದ ಸಣ್ಣ ಪಿಸ್ತೂಲುಗಳನ್ನು ಮಾರಕೂಡದು. ಇದರಲ್ಲಿ ಬಣ್ಣದ ಹೆಸರೇ ಇಲ್ಲ ನೋಡಿ. ಆದರೆ ಸೇನೆಯ ಪಿಸ್ತೂಲು ದೊಡ್ಡದು, ದುಬಾರಿ. ಯುದ್ಧದಲ್ಲಿ ಕಾದಿ ಬಂದ ಬಿಳಿಯರಲ್ಲಿ ಎಷ್ಟೋ ಜನರ ಮನೆಯಲ್ಲಿ ಆಗಲೇ ಇತ್ತು. ಸಣ್ಣದು ಅಗ್ಗ. ಕೂಲಿಯವನ ಕೈಗೆ ಎಟುಕುತ್ತಿದ್ದದ್ದು ಅದೊಂದೇ. ಬಣ್ಣವನ್ನು ಹೆಸರಿಸದೆ ಬೆಲೆಯನ್ನು ಬೇಲಿ ಮಾಡಿದರು. ನಮ್ಮೂರ ಹೋಟೆಲಿನಲ್ಲಿ ಸೂರಿಗೆ ಸಿಕ್ಕಿಸಿಟ್ಟ ಲೋಟದ ಮೇಲೆ ಜಾತಿ ಬರೆದಿತ್ತೇನು? ಆದರೂ ಅದು ಯಾರ ಲೋಟವೆಂದು ಊರಿಗೇ ಗೊತ್ತು.

ಅದೇ ಟೆನೆಸಿಯ ಮೆಂಫಿಸ್ ನಗರ, 1892ರ ಮಾರ್ಚ್. ಕರಿಯರು ನಡೆಸುತ್ತಿದ್ದ ಕಿರಾಣಿ ಅಂಗಡಿಯೊಂದು ಪಕ್ಕದ ಬಿಳಿಯನ ವ್ಯಾಪಾರಕ್ಕೆ ಅಡ್ಡಿಯಾಯಿತು. ಜಗಳವಾಯಿತು. ಥಾಮಸ್ ಮಾಸ್, ಕ್ಯಾಲ್ವಿನ್ ಮೆಕ್‌ಡೊವೆಲ್, ವಿಲ್ ಸ್ಟುವರ್ಟ್ ಎಂಬ ಮೂವರನ್ನು ಜೈಲಿನಿಂದ ಎಳೆದೊಯ್ದು ಕೊಂದರು. ಮಾಸ್‌ನ ಗೆಳತಿ ಐಡಾ ವೆಲ್ಸ್ ಗುಲಾಮರ ಮನೆಯಲ್ಲಿ ಹುಟ್ಟಿ, ಮೇಡಮ್ಮಳಾಗಿ, ಪತ್ರಿಕೆಯ ಒಡತಿಯಾಗಿದ್ದಳು. ಗೆಳೆಯನನ್ನು ಕಳೆದುಕೊಂಡ ಮೇಲೆ ಆಕೆ ಮಾಡಿದ ಮೊದಲ ಕೆಲಸಗಳಲ್ಲೊಂದು ಪಿಸ್ತೂಲು ಕೊಂಡದ್ದು. ಸಾಯುವುದೇ ಆದರೆ ನಾಯಿಯಂತೆ ಸಾಯಲಾರೆ ಎಂದು ತೀರ್ಮಾನಿಸಿದ್ದಳು. ಆ ಹೆಣ್ಣುಮಗಳ ಕೈ ನಡುಗಿತ್ತೋ ಇಲ್ಲವೋ, ನಾವು ಆಕೆಯನ್ನು ತಪ್ಪೆನ್ನಲಾರೆವು.

ಬೆಲೆಯ ಬೇಲಿ ಸಾಲದಾದಾಗ ಬಂದದ್ದು ಲೈಸೆನ್ಸಿನ ಬೇಲಿ. 1893ರಲ್ಲಿ ಫ್ಲಾರಿಡಾ ರಾಜ್ಯ ಮರುಗುಂಡಿನ ರೈಫಲ್ಲುಗಳಿಗೆ, 1901ರಲ್ಲಿ ಪಿಸ್ತೂಲುಗಳಿಗೂ ಲೈಸೆನ್ಸು ಕಡ್ಡಾಯ ಮಾಡಿತು. 100 ಡಾಲರಿನ ಬಾಂಡು ಬರೆದುಕೊಡಬೇಕು. ಇಲ್ಲೂ ಬಣ್ಣದ ಹೆಸರಿಲ್ಲ. 1941ರಲ್ಲಿ ಮಾತ್ರ ಆ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬ್ಯೂಫರ್ಡ್ ಬಾಯಿಬಿಟ್ಟ. ಮರದ ಕೆಲಸದ ಕ್ಯಾಂಪುಗಳಲ್ಲಿದ್ದ ಕರಿಯ ಕೂಲಿಗಳ ಆಯುಧ ಕಸಿಯಲೆಂದೇ ಈ ಕಾನೂನು ಮಾಡಿದ್ದು, ಬಿಳಿಯರಿಗೆ ಅನ್ವಯಿಸುವ ಉದ್ದೇಶವೇ ಇರಲಿಲ್ಲ ಎಂದು ತೀರ್ಪಿನಲ್ಲೇ ಬರೆದ. ಅದೂ ಒಬ್ಬ ಬಿಳಿಯ ಆರೋಪಿಯನ್ನು ಬಿಡಿಸುವಾಗ!

ಇನ್ನೊಂದು ಅರ್ಜಿಯ ಕತೆ ಕೇಳಿ. 1956ರ ಜನವರಿ 30ರಂದು ಅಲಬಾಮದ ಮಾಂಟ್‌ಗೊಮರಿಯಲ್ಲಿ 27 ವರ್ಷದ ಪಾದ್ರಿಯೊಬ್ಬನ ಮನೆಗೆ ಬಾಂಬು ಹಾಕಿದರು. ಒಳಗೆ ಹೆಂಡತಿ, ಹಸುಗೂಸು. ಪಾದ್ರಿ ಪಿಸ್ತೂಲಿನ ಲೈಸೆನ್ಸಿಗೆ ಅರ್ಜಿ ಹಾಕಿದ. ಅಧಿಕಾರಿಗಳು ತಳ್ಳಿಹಾಕಿದರು. ಮನೆಗೇ ಬಾಂಬು ಬಿದ್ದವನಿಗಿಂತ ಹೆಚ್ಚು ಕಾರಣ ಯಾರಿಗಿರಬೇಕಿತ್ತು? ಆತನ ಹೆಸರು ಮಾರ್ಟಿನ್ ಲೂಥರ್ ಕಿಂಗ್. ಮುಂದೆ ಆತ ಯೋಚಿಸಿ ಯೋಚಿಸಿ ಮನೆಯ ಆಯುಧವನ್ನೂ ಬಿಟ್ಟ. ಅಹಿಂಸೆ ಆತನಿಗೆ ಹುಟ್ಟುತ್ತಲೇ ಬಂದದ್ದಲ್ಲ, ಭಯದ ನಡುವೆ ನಿಂತು ಆರಿಸಿಕೊಂಡದ್ದು.

1966ರಲ್ಲಿ ಓಕ್‌ಲೆಂಡಿನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರರು ಕಾನೂನು ಪುಸ್ತಕ ಓದಿದರು. ಮುಚ್ಚಿಟ್ಟುಕೊಳ್ಳಲು ಲೈಸೆನ್ಸು ಬೇಕು, ಕಾಣುವಂತೆ ಹಿಡಿಯಲು ಬೇಡ ಎಂದಿತ್ತು. ಕಾಣುವಂತೆಯೇ ಹಿಡಿದು ಪೊಲೀಸರ ಹಿಂದೆ ತಿರುಗಿದರು. 1967ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಅದನ್ನೂ ನಿಷೇಧಿಸಿತು. ಸಹಿ ಹಾಕಿದವನು ಗವರ್ನರ್ ರೇಗನ್. ಕರಿಯರು ಕಾನೂನು ಓದಿದ ಕೂಡಲೇ ಕಾನೂನೇ ಬದಲಾಯಿತು. 1972ರಲ್ಲಿ ಬೊಂಬಾಯಿಯ ನಮ್ಮ ಹುಡುಗರು 'ದಲಿತ ಪ್ಯಾಂಥರ್ಸ್' ಎಂದು ಹೆಸರಿಟ್ಟುಕೊಂಡದ್ದು ಇವರನ್ನು ನೋಡಿಯೇ. ತಂದದ್ದು ಹೆಸರು ಮತ್ತು ಕಿಚ್ಚು. ಹಿಡಿದದ್ದು ಲೇಖನಿ.

ಸರಿ, ಲೈಸೆನ್ಸು ಸಿಕ್ಕರೆ? 2016ರ ಜುಲೈ 6ರಂದು ಮಿನೆಸೋಟದಲ್ಲಿ ಶಾಲೆಯೊಂದರ ಊಟದ ಮನೆಯ ಮೇಲ್ವಿಚಾರಕ ಫಿಲಾಂಡೊ ಕ್ಯಾಸ್ಟೀಲನ ಕಾರನ್ನು ಪೊಲೀಸನೊಬ್ಬ ನಿಲ್ಲಿಸಿದ. ಈತನಲ್ಲಿ ಲೈಸೆನ್ಸಿತ್ತು, ಪಿಸ್ತೂಲಿತ್ತು. ಕದ್ದುಮುಚ್ಚದೆ ತಾನೇ ಹೇಳಿದ. ಪೊಲೀಸ 7 ಗುಂಡು ಹಾರಿಸಿದ. ಪಕ್ಕದಲ್ಲಿ ಗೆಳತಿ, ಹಿಂದಿನ ಸೀಟಿನಲ್ಲಿ ಆಕೆಯ ಪುಟ್ಟ ಮಗಳು. ಮರುವರ್ಷ ಪೊಲೀಸ ಖುಲಾಸೆಯಾದ. ಕಾಗದವೂ ಸರಿಯಿತ್ತು, ಪಿಸ್ತೂಲೂ ಇತ್ತು. ಕಾಯಲಿಲ್ಲ.

ಈಗ ನಮ್ಮ ಕಡೆ ನೋಡಿ. 1878ರ ಶಸ್ತ್ರ ಕಾಯಿದೆಯಲ್ಲಿ ಭಾರತೀಯನಿಗೆ ಲೈಸೆನ್ಸು ಬೇಕಿತ್ತು, ಯುರೋಪಿಯನ್ನನಿಗೆ ವಿನಾಯಿತಿ. ನಮ್ಮ ಕೊಡಗಿನಲ್ಲಿ ಕೊಡವ ಜನಾಂಗದವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸಿನ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ. ಅದೇ ಮಣ್ಣಿನಲ್ಲಿ ಬೆವರು ಸುರಿಸುವ ಭೂಮಿಯಿಲ್ಲದ ಯರವ ಅರ್ಜಿ ಬರೆಸಬೇಕು. ಹುಟ್ಟು ಅಥವಾ ಭೂಮಿ, ಎರಡರಲ್ಲೊಂದು ಇರಬೇಕು. ನಮಗೆ ಎರಡೂ ಇಲ್ಲ. ಇನ್ನು ದೌರ್ಜನ್ಯ ತಡೆ ಕಾಯಿದೆಯ 1995ರ ನಿಯಮಗಳನ್ನು ಮೇಷ್ಟರುಗಳು ಒಮ್ಮೆ ಹುಡುಗರಿಗೆ ಓದಿ ಹೇಳಬೇಕು. ದೌರ್ಜನ್ಯದ ಭಯವಿರುವ ಊರುಗಳಲ್ಲಿ ಸವರ್ಣೀಯರ ಶಸ್ತ್ರ ಲೈಸೆನ್ಸು ರದ್ದು ಮಾಡಿ ಕೋವಿಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳುವುದನ್ನು, ಅಗತ್ಯ ಕಂಡರೆ ದಲಿತರಿಗೆ ಲೈಸೆನ್ಸು ಕೊಡುವುದನ್ನು 3ನೇ ನಿಯಮ ಹೇಳುತ್ತದೆ. ಅಗತ್ಯ ಕಾಣಬೇಕಾದ ಕಣ್ಣು ಯಾರದು? ಮತ್ತದೇ ಮೇಜು, ಅದೇ ಮೊಹರು.

ಗೆಳೆಯನಿಗೆ ಈಗ ನಾನು ಹೀಗೆ ಹೇಳುತ್ತೇನೆ: ನಿನ್ನ ಸಿಟ್ಟು ನ್ಯಾಯದ್ದು ಕಣೋ. ಆದರೆ ನಮ್ಮ ಸೊಂಟಕ್ಕೊಂದು ಬೇಕು ಎನ್ನುವ ಮೊದಲು, ಆ ಗೋಡೆಯ ಕೋವಿಯನ್ನು ಕೆಳಗಿಳಿಸಿ ಎಂದು ಕೇಳೋಣ. ನಿಯಮದ ನಂಬರು ಹಾಕಿ, ಕೇರಿಯವರೆಲ್ಲರ ಹೆಬ್ಬೆಟ್ಟು ಒತ್ತಿಸಿ ಕೇಳೋಣ.

ಐಡಾ ವೆಲ್ಸ್ ಕೊಂಡ ಪಿಸ್ತೂಲಿಗಾಗಿ ಮೆಂಫಿಸಿನ ಬಿಳಿಯರು ಆಕೆಯ ಮೇಲೆ ಬೀಳಲಿಲ್ಲ. 1892ರ ಮೇ ತಿಂಗಳಲ್ಲಿ, ಆಕೆ ಊರಲ್ಲಿಲ್ಲದಾಗ ಅವರು ನುಗ್ಗಿ ಹಾಳುಗೆಡವಿದ್ದು ಆಕೆಯ ಪತ್ರಿಕೆಯ ಕಚೇರಿಯನ್ನು. ಆಕೆ ಮತ್ತೆ ಮೆಂಫಿಸಿನಲ್ಲಿ ನೆಲೆಸಲಾಗಲಿಲ್ಲ. ದೂರದ ಊರುಗಳಲ್ಲಿ ಕೂತು, ಗುಂಪುಗಳ ಕೈಯಲ್ಲಿ ಕೊಲೆಯಾದವರ ಹೆಸರು, ಊರು, ತಾರೀಕುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ಅಚ್ಚು ಹಾಕಿಸಿದಳು. ಅಂಥ ಕೊಲೆಯನ್ನು ಅಮೆರಿಕದ ಕೇಂದ್ರ ಕಾನೂನು ಅಪರಾಧವೆಂದು ಒಪ್ಪಿದ್ದು 2022ರ ಮಾರ್ಚ್‌ನಲ್ಲಿ, ಮಾಸ್ ಸತ್ತು 130 ವರ್ಷಗಳಾದ ಮೇಲೆ. ಪಿಸ್ತೂಲು ಮುಚ್ಚಿಟ್ಟುಕೊಂಡು ತಿರುಗಲು ವಿಶೇಷ ಕಾರಣ ತೋರಿಸಬೇಕಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದೂ ಅದೇ ವರ್ಷದ ಜೂನ್‌ನಲ್ಲಿ.

ಆಕೆಯ ಪಿಸ್ತೂಲು ಈಗ ಎಲ್ಲಿದೆಯೋ. ಆ ಪಟ್ಟಿ ಮಾತ್ರ ಇನ್ನೂ ಓದಲು ಸಿಗುತ್ತದೆ. ನಮ್ಮ ಊರುಗಳ ಪಟ್ಟಿಯನ್ನು ಬರೆಯುವವರು ಯಾರು?