ಸಾಕು ಎನ್ನುವವರು ಯಾರು?

ಮೈಸೂರಿನ ಹಳೆಯ ಗರಡಿಮನೆಗಳ ಬಾಗಿಲು ಗಿಡ್ಡ. ಎಂಥ ಪೈಲ್ವಾನನಾದರೂ ತಲೆ ಬಗ್ಗಿಸಿಯೇ ಒಳಗೆ ಕಾಲಿಡಬೇಕು. ಒಳಗಿನ ನೆಲ ಬೀದಿಗಿಂತ ತಗ್ಗಿನಲ್ಲಿರುತ್ತದೆ, ಬೆಳಕು ಕಡಿಮೆ. ನಡುವೆ ಮಟ್ಟಿ: ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ, ಕುಂಕುಮ, ಕರ್ಪೂರ ಬೆರೆಸಿ ಹದ ಮಾಡಿದ ಅಖಾಡ. ಗೋಡೆಯಲ್ಲಿ ಆಂಜನೇಯ, ಮೂಲೆಯಲ್ಲಿ ಗದೆ, ಕಲ್ಲುಗುಂಡು.

ನಮ್ಮಪ್ಪ ಇಂಥದೊಂದು ಗರಡಿಯಲ್ಲಿ ಸಾಮು ತೆಗೆದವರು. ಹೆಣ್ಣುಮಕ್ಕಳು ಅದರ ಹೊಸಿಲು ದಾಟುವಂತಿರಲಿಲ್ಲ. ಹಾಗಾಗಿ ಅಲ್ಲಿನ ಸಂಗತಿ ನನಗೆ ಗೊತ್ತಾದದ್ದು ಮೊದಲು ಅಪ್ಪನ ಮಾತಿನಿಂದ, ಆಮೇಲೆ ಪುಸ್ತಕಗಳಿಂದ. ಮುಂದೆ ನಾನು ದೈಹಿಕ ಶಿಕ್ಷಣದ ಟೀಚರ್ ಆದೆ. ಜೂನ್ ತಿಂಗಳು ಬಂತೆಂದರೆ ತಾಯಂದಿರು ಹುಡುಕಿಕೊಂಡು ಬರುತ್ತಿದ್ದರು. "ಮೇಡಂ, ಮಗಳನ್ನ ಕರಾಟೆಗೆ ಹಾಕ್ಲಾ, ಜೂಡೋಗೆ ಹಾಕ್ಲಾ?" ನಿವೃತ್ತಿಯಾದ ಮೇಲೂ ಆ ಪ್ರಶ್ನೆ ನಿಂತಿಲ್ಲ. ಈಚೆಗೆ ಅದೇ ಪ್ರಶ್ನೆ ಕೇಳಿದವಳು ನನ್ನ ತಂಗಿಯ ಮಗಳು. ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ, ರಾತ್ರಿ ಪಾಳಿ ಇರುತ್ತದೆ. "ದೊಡ್ಡಮ್ಮ, ನಂಗೆ ಯಾವ್ದು ಸರಿಹೋಗತ್ತೆ?"

ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿದೆ. ಕಲೆಯ ಹೆಸರು ಆಮೇಲೆ. ಮೊದಲು ಆ ಜಾಗಕ್ಕೆ ಹೋಗಿ ಒಂದು ಪೂರ್ತಿ ಕ್ಲಾಸ್ ಕೂತು ನೋಡು. ಇಬ್ಬರನ್ನು ಎದುರುಬದುರು ನಿಲ್ಲಿಸುವವರು ಯಾರು, ಏನು ನೋಡಿ ನಿಲ್ಲಿಸುತ್ತಾರೆ, 'ಸಾಕು, ಬಿಡು' ಎನ್ನುವವರು ಯಾರು, ಹಾಗೆಂದಾಗ ಬಿಡುತ್ತಾರೋ ಇಲ್ಲವೋ, ಇಷ್ಟು ಗಮನಿಸು. ಇದು ನಾನು ಕಂಡುಹಿಡಿದ ಉಪಾಯವಲ್ಲ. ಈ ನೆಲದ ಮಲ್ಲಯುದ್ಧದ ಚರಿತ್ರೆಯನ್ನು ಓದುತ್ತ ಹೋದರೆ ಜೋಡಿ ಕಟ್ಟುವ, ಕಾಳಗ ನಿಲ್ಲಿಸುವ ಈ ಕಾಳಜಿ ಉದ್ದಕ್ಕೂ ಸಿಗುತ್ತದೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಇಂದಿನ ಬಸವಕಲ್ಯಾಣದಿಂದ ಆಳಿದ ಈ ಅರಸ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವರ್ಗ ಮಾಡುತ್ತಾನೆ. ಯಾರಿಗೆ ಯಾರು ಎದುರಾಳಿ ಎಂಬುದು ಈ ವಿಂಗಡಣೆಯ ಮೇಲೆ ನಿಂತಿತ್ತು. ಸಾಧನೆಯಲ್ಲೂ ಬಗೆಗಳಿವೆ: ಭಾರ ಎತ್ತುವ ಭಾರಶ್ರಮ, ನೀರಿಗಿಳಿಯುವ ಸಲಿಲಶ್ರಮ, ಕಂಬ ಹಿಡಿದು ಮಾಡುವ ಸ್ತಂಭಶ್ರಮ. ಮಲ್ಲಗಂಬದ ಹಳೆಯ ಬೇರನ್ನು ಈ ಕೊನೆಯದರಲ್ಲಿ ಕಾಣುವವರಿದ್ದಾರೆ. ಅರಸೊತ್ತಿಗೆಯ ನೂರೆಂಟು ವಿಷಯಗಳ ನಡುವೆ ಒಬ್ಬ ದೊರೆ ಕೂತು ಇಷ್ಟು ವಿವರವಾಗಿ ಬರೆದನಲ್ಲ ಎಂದು ನನಗೆ ಈಗಲೂ ಸೋಜಿಗ.

ವಿಜಯನಗರಕ್ಕೆ ಬಂದರೆ ಸಾಕ್ಷಿ ಹೇಳುವವರು ಪರದೇಶದವರು. 1520ರ ಸುಮಾರಿಗೆ ಮಹಾನವಮಿಯನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅಲ್ಲಿನ ಮಲ್ಲರ ಹೊಡೆತಕ್ಕೆ ಹಲ್ಲು ಉದುರುತ್ತಿತ್ತು, ಮುಖ ವಿಕಾರವಾಗುತ್ತಿತ್ತು ಎಂದು ಬೆರಗಿನಿಂದ ಬರೆದಿದ್ದಾನೆ. ಆದರೆ ಅದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳುತ್ತಾನೆ: ಅವರಿಗೆ ನಾಯಕರೂ ತೀರ್ಪುಗಾರರೂ ಇದ್ದರು, ಕಣಕ್ಕಿಳಿಯುವ ಇಬ್ಬರನ್ನು ಸಮಸಮವಾಗಿ ನಿಲ್ಲಿಸುವುದು ಅವರ ಕೆಲಸ. ಅದನ್ನು ಓದಿದಾಗ ನನಗೆ ನೆನಪಾದದ್ದು ಮೈಸೂರು ದಸರಾ ಕುಸ್ತಿಗೆ ಮುಂಚೆ ನಡೆಯುವ ಜೋಡಿ ಕಟ್ಟುವ ಕಾರ್ಯಕ್ರಮ. ಊರೂರಿನಿಂದ ಬಂದ ಪೈಲ್ವಾನರನ್ನು ಸಾಲಾಗಿ ನಿಲ್ಲಿಸಿ, ಎತ್ತರ, ತೂಕ, ವಯಸ್ಸು, ಅನುಭವ ಎಲ್ಲ ನೋಡಿ ಹಿರಿಯ ಉಸ್ತಾದರು ಜೋಡಿ ಮಾಡುತ್ತಾರೆ. ಒಪ್ಪಿದವರು ಕೈ ಕುಲುಕುತ್ತಾರೆ. ಕುಸ್ತಿಯ ಅರ್ಧ ನ್ಯಾಯ ಅಲ್ಲಿಯೇ ತೀರ್ಮಾನವಾಗಿಬಿಡುತ್ತದೆ ಎನ್ನುತ್ತಿದ್ದರು ಅಪ್ಪ.

ಪಾಯೆಸ್ ಬಂದುಹೋದ ಒಂದೂವರೆ ದಶಕದ ಬಳಿಕ ಬರೆದ ಇನ್ನೊಬ್ಬ ಪೋರ್ಚುಗೀಸ, ನೂನಿಜ್, ಮತ್ತೊಂದು ಮಾತು ಸೇರಿಸುತ್ತಾನೆ: ವಿಜಯನಗರದ ಅರಮನೆಯಲ್ಲಿ ಕುಸ್ತಿಯಾಡುವ ಹೆಂಗಸರಿದ್ದರು. ಅದೊಂದೇ ಮಾತು; ಅವರ ಹೆಸರಿಲ್ಲ, ಊರಿಲ್ಲ, ಯಾರ ಕೈಯಲ್ಲಿ ಪಳಗಿದರೆಂಬ ಸುಳಿವಿಲ್ಲ. ಹೊಸಿಲಾಚೆ ನಿಂತು ಬೆಳೆದ ನನಗೆ ಆ ಸಾಲು ಎಷ್ಟು ದೊಡ್ಡದೆಂದು ಬೇರೆಯವರಿಗೆ ಹೇಳುವುದು ಕಷ್ಟ.

ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದಾಗ ವಿಜಯನಗರದ ಈ ಪರಂಪರೆ ಮೈಸೂರು ಸೀಮೆಗೆ ಬಂತು. 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ತಾವೇ ಜಟ್ಟಿ. ಮಾರುವೇಷದಲ್ಲಿ ತಿರುಚಿರಾಪಳ್ಳಿಗೆ ಹೋಗಿ ಅಲ್ಲಿನ ಹೆಸರಾಂತ ಮಲ್ಲನನ್ನು ಸೋಲಿಸಿ, ಬಹುಮಾನಕ್ಕೂ ಕಾಯದೆ ಹಿಂತಿರುಗಿದರೆಂಬ ಕಥೆ ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತು. ರಾಜ್‌ಕುಮಾರ್ ಸಿನಿಮಾ ಬಂದ ಮೇಲಂತೂ ಅದು ಮನೆಮಾತು.

ನಾನು ಹೆಚ್ಚು ಹೊತ್ತು ನಿಲ್ಲಬಯಸುವುದು ಜಟ್ಟಿಗಳ ವಜ್ರಮುಷ್ಟಿ ಕಾಳಗದ ಎದುರು. ವಿಜಯದಶಮಿಯ ಬೆಳಿಗ್ಗೆ ಅರಮನೆಯ ತೊಟ್ಟಿಯಲ್ಲಿ ಮಟ್ಟಿ ಹದಮಾಡಿರುತ್ತಾರೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದಿಂದ ಬಂದ ಜಟ್ಟಿಗಳು ತಲೆ ಬೋಳಿಸಿಕೊಂಡು, ಬೆರಳುಗಳಿಗೆ ಮೊನೆಯುಳ್ಳ ವಜ್ರಮುಷ್ಟಿ ತೊಟ್ಟು ಎದುರಾಗುತ್ತಾರೆ. ಹಿಂದೆ ಅದನ್ನು ದಂತದಲ್ಲಿ, ಕೋಡಿನಲ್ಲಿ ಮಾಡುತ್ತಿದ್ದರು. ಒಬ್ಬನ ತಲೆಯಿಂದ ರಕ್ತ ಚಿಮ್ಮಿತೋ, ಕಾಳಗ ಅಲ್ಲಿಗೇ ಮುಗಿಯಿತು. ಕೆಲವೊಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವುದುಂಟು. ಹೊರಗಿನವರು ಇದನ್ನು ಕ್ರೂರ ಆಚರಣೆ ಎನ್ನುತ್ತಾರೆ. ನನಗೆ ಕಾಣುವುದು ಬೇರೆ. ಬೋಳುತಲೆಯ ಮೇಲೆ ಮೊದಲ ಹನಿಯೇ ಎಲ್ಲರಿಗೂ ಎದ್ದು ಕಾಣುತ್ತದೆ. ಕಂಡ ತಕ್ಷಣ ಬಿಡಿಸುವವರು ಪಕ್ಕದಲ್ಲೇ ಇರುತ್ತಾರೆ. ಇಷ್ಟು ಅಪಾಯದ ಆಯುಧಕ್ಕೆ ಇಷ್ಟು ಹತ್ತಿರದ ಗೆರೆ ಎಳೆದವರು ತಿಳಿದವರು.

ಆ ಗೆರೆ ಅಳಿಸಿದರೆ ಏನಾಗುತ್ತದೆಂದು ತೋರಿಸಲೂ ಚರಿತ್ರೆಯಲ್ಲಿ ಪುಟಗಳಿವೆ. ಟಿಪ್ಪು ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದ ಬ್ರಿಟಿಷರ ಬರಹಗಳಲ್ಲಿ ಜಟ್ಟಿಗಳು ಮರಣದಂಡನೆ ಜಾರಿಮಾಡುವವರಾಗಿಯೂ ಕಾಣಿಸಿಕೊಳ್ಳುತ್ತಾರೆ. ಅದೇ ಜಟ್ಟಿಗಳು ಮುರಿದ ಮೂಳೆ ಕೂರಿಸುವುದರಲ್ಲೂ ಹೆಸರುವಾಸಿ. ಎಲ್ಲಿ ಒತ್ತಿದರೆ ಮುರಿಯುತ್ತದೆಂದು ಬಲ್ಲ ಕೈಗೆ ಎಲ್ಲಿ ಒತ್ತಿದರೆ ಕೂಡುತ್ತದೆಂಬುದೂ ಗೊತ್ತಿತ್ತು. ಒಳ್ಳೆಯ ಗರಡಿಯ ಉಸ್ತಾದರಲ್ಲಿ ನಾನು ಹುಡುಕುವುದು ಈ ಎರಡನೆಯ ವಿದ್ಯೆಯನ್ನು.

ಅಪ್ಪನ ಕಾಲಕ್ಕೆ ಮೈಸೂರಿನ ಮೊಹಲ್ಲಾ ಮೊಹಲ್ಲಾಗಳಲ್ಲಿ ಗರಡಿಗಳಿದ್ದವು. ಹುಡುಗ ಯಾವ ಗರಡಿಗೆ ಹೋಗಬೇಕೆಂಬುದು ಸಾಮಾನ್ಯವಾಗಿ ಮನೆಯ ಬೀದಿಯಿಂದಲೇ ನಿರ್ಧಾರವಾಗುತ್ತಿತ್ತು. ಸೇರಿದ ಹೊಸಬನಿಗೆ ಪಟ್ಟು ಹೇಳಿಕೊಡುತ್ತಿರಲಿಲ್ಲ. ಮಟ್ಟಿ ಅಗೆಯಬೇಕು, ದಂಡೆ ಹೊಡೆಯಬೇಕು, ಬಸ್ಕಿ ತೆಗೆಯಬೇಕು, ಹಿರಿಯರ ಮೈ ತಿಕ್ಕಬೇಕು. ಅಷ್ಟರಲ್ಲಿ ಉಸ್ತಾದರು ಅವನ ಮೈಕಟ್ಟು, ಉಸಿರು, ಸಿಟ್ಟು ಎಲ್ಲವನ್ನೂ ಅಳೆದಿರುತ್ತಿದ್ದರು. ಗಿಡ್ಡ ಹುಡುಗನಿಗೆ ಕಾಲಿನ ಪಟ್ಟು, ಉದ್ದ ತೋಳಿನವನಿಗೆ ಕತ್ತಿನ ಹಿಡಿತ. ಕ್ಲಾಸ್ ನಮಗೆ ಹೊಂದುತ್ತದೆಯೇ ಎಂದು ನಾವಿಂದು ಕೇಳುತ್ತೇವೆ. ಅಲ್ಲಿ ಮೈಗೆ ಹೊಂದುವ ವಿದ್ಯೆಯನ್ನು ಆರಿಸುವ ಹೊಣೆ ಉಸ್ತಾದರದು.

ಬೆಂಗಳೂರಿನಲ್ಲಿ ಅಷ್ಟರಲ್ಲಾಗಲೇ ಬೇರೆ ದಾರಿ ತೆರೆದಿತ್ತು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕೆ.ವಿ. ಅಯ್ಯರ್ ತಮ್ಮ ವ್ಯಾಯಾಮಶಾಲೆ ನಡೆಸುತ್ತ, ಅಂಚೆಯ ಮೂಲಕವೂ ವ್ಯಾಯಾಮದ ಪಾಠ ಕಳಿಸುತ್ತಿದ್ದರು. ಆ ಮಹನೀಯರ ಬಗ್ಗೆ ನನಗೆ ಅಪಾರ ಗೌರವ. ಆದರೂ ಅಂಚೆಯಲ್ಲಿ ಕಲಿಯಬಹುದಾದದ್ದು ವ್ಯಾಯಾಮ ಮಾತ್ರ. ಎದುರಾಳಿಯ ಭಾರ ಮೈಮೇಲೆ ಬೀಳದೆ ಪಟ್ಟು ಬಾರದು. ವೀಡಿಯೋ ನೋಡಿ ಆತ್ಮರಕ್ಷಣೆ ಕಲಿಯುತ್ತೇನೆನ್ನುವ ಹುಡುಗಿಯರಿಗೆ ನಾನು ಇದನ್ನೇ ಹೇಳುವುದು.

ರಾಜಾಶ್ರಯ ಹೋಯಿತು. ಪೈಲ್ವಾನನ ಹಾಲು, ತುಪ್ಪ, ಬಾದಾಮಿಯ ಖರ್ಚು ಮನೆಯವರ ತಲೆಗೆ ಬಂತು. 1973ರಲ್ಲಿ ಬ್ರೂಸ್ ಲೀಯ 'ಎಂಟರ್ ದ ಡ್ರ್ಯಾಗನ್' ಬಂತು, ನಮ್ಮಲ್ಲೇ ಶಂಕರ್‌ನಾಗ್ ಕರಾಟೆ ಕಿಂಗ್ ಆದರು. ಹುಡುಗರು ಬಿಳಿ ಬಟ್ಟೆಯ ಕಡೆಗೆ ಹೊರಟರು. ಅಪ್ಪ ಕೊರಗಿದರು. ನಾನು ಕೊರಗಲಿಲ್ಲ, ಏಕೆಂದರೆ ಕರಾಟೆ ಕ್ಲಾಸುಗಳು ಹುಡುಗಿಯರನ್ನೂ ಸೇರಿಸಿಕೊಂಡವು. ಮಟ್ಟಿಯ ಬಾಗಿಲು ತೆರೆದದ್ದು ನಿಧಾನವಾಗಿ. ಇಂದು ದಸರಾ ಕುಸ್ತಿಯಲ್ಲಿ ಕಂಠೀರವ, ಕೇಸರಿ, ಕುಮಾರ ಪ್ರಶಸ್ತಿಗಳ ಜೊತೆಗೆ ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ ಇದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾಕ್ಷಿ ಮಲಿಕ್ ಕುಸ್ತಿಯಲ್ಲಿ ಕಂಚು ಗೆದ್ದ ಸುದ್ದಿ ಕೇಳಿ ಕಣ್ತುಂಬಿ ಬಂದಾಗ ಅಪ್ಪ ಇರಬೇಕಿತ್ತು ಅನ್ನಿಸಿತು.

ತಂಗಿಯ ಮಗಳ ಜೊತೆ ನಾನೂ ಹೋಗಿ ಕೂತೆ. ಒಂದು ಕಡೆ ಗೋಡೆ ತುಂಬ ಟ್ರೋಫಿ, ಪದಕ. ಹೊಸ ಹುಡುಗನೊಬ್ಬನ ತೋಳನ್ನು ಹಿರಿಯ ವಿದ್ಯಾರ್ಥಿ ಹಿಂದಕ್ಕೆ ತಿರುಚಿದ್ದ. ಹುಡುಗ ನೋವಿನಿಂದ ಬಿಡು ಬಿಡು ಎಂದರೂ ಮಾಸ್ಟರು ನಗುತ್ತ ನಿಂತಿದ್ದರು. ಅವಳೇ ನನ್ನ ಸೆರಗು ಎಳೆದಳು, ಎದ್ದು ಬಂದೆವು.

ಇನ್ನೊಂದು ಜೂಡೋ ಕ್ಲಾಸ್. ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಶುರುಮಾಡಿದಾಗಿನಿಂದ ಜೂಡೋ ಕಲಿಯುವವರು ಮೊದಲು ಬೀಳುವುದನ್ನು ಕಲಿಯುತ್ತಾರೆ. ಸೋತೆ ಎನ್ನಲು ಎರಡು ಸಲ ತಟ್ಟಿದರೆ ಹಿಡಿತ ಸಡಿಲವಾಗಲೇಬೇಕು. ಅಲ್ಲಿನ ಮೇಡಂ ಹೊಸಬರಿಗೆ ಬೀಳುವುದನ್ನಷ್ಟೇ ಹೇಳಿಕೊಡುತ್ತಿದ್ದರು. ಜೋಡಿ ಮಾಡುವಾಗ ಒಬ್ಬೊಬ್ಬರ ಭುಜ ಮುಟ್ಟಿ, ಹಳೆಯ ನೋವಿದೆಯಾ ಎಂದು ಕೇಳಿದರು. ತಟ್ಟಿದ ಸದ್ದು ಕೇಳಿದ ಕೂಡಲೇ ಎಲ್ಲರ ಕೈಯೂ ಬಿಡುತ್ತಿತ್ತು. ರಾತ್ರಿ ಬಸ್‌ಸ್ಟಾಪಿನಲ್ಲಿ ಯಾರಾದರೂ ಹಿಂಬಾಲಿಸಿದರೆ ಏನು ಮಾಡಬೇಕು ಎಂದು ನಮ್ಮ ಹುಡುಗಿ ಕೇಳಿದಳು. ಮೊದಲು ಕೂಗು, ಬೆಳಕಿರುವ ಕಡೆ ಓಡು, 112ಕ್ಕೆ ಫೋನ್ ಮಾಡು, ಹಿಡಿದರೆ ಮಾತ್ರ ಪಟ್ಟು ಎಂದರು ಮೇಡಂ. ಅಷ್ಟು ನೇರವಾಗಿ ಹೇಳಿದ ಗುರುವನ್ನು ನಾನು ಆಗಲೇ ಒಪ್ಪಿಕೊಂಡಿದ್ದೆ. ಇವಳು ಅಲ್ಲೇ ಹೆಸರು ಬರೆಸಿದಳು. ಈ ದಸರೆಗೆ ಜೋಡಿ ಕಟ್ಟುವುದನ್ನು ನೋಡಲು ನನ್ನ ಜೊತೆ ಬರುತ್ತೇನೆ ಎಂದಿದ್ದಾಳೆ.